ಸೋಮವಾರದ ಎರಡು ನಿಮಿಷ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಾಸ್ತರಿಕೆಯಿಂದ ನಿವೃತ್ತನಾಗಿ, ಅಣ್ಣಿಗೇರಿ ಅಂಚಿನ ನಮ್ಮ ನಲವತ್ತು ಮನೆಗಳ ಕಾಲನಿಗೆ ಕಾರ್ಯದರ್ಶಿಯಾದ ಮೇಲೆ ಅದರ ಅರ್ಧ ಪಾಲು ಶಲವಡಿಯ ಮಡಿವಾಳೆಪ್ಪನಿಗೇ ಸಂದಿದೆ. ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಚಾಲೂ ಮಾಡುವುದು ಅವನ ಕೆಲಸ. ಉಳಿದ ದಿನ ಚಿಟಿಕೆ ಹೊಡೆಯುವುದರಲ್ಲಿ ಚಾಲೂ ಮಾಡುವವನು ಸೋಮವಾರ ಮಾತ್ರ ಎರಡು ನಿಮಿಷ ತಡ ಮಾಡುತ್ತಿದ್ದ.

ಮೂಲತಃ ಒಕ್ಕಲುತನದ ಮನುಷ್ಯ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವನು ಅಂದು ಎಂಜಿನ್ನಿಗೂ ವಿಭೂತಿ ಹಚ್ಚುವುದನ್ನು ನಾನೇ ಕಂಡಿದ್ದೆ, ತಡ ಅದಕ್ಕೇ ಅಂದುಕೊಂಡೆ. ಜನರೇಟರ್ ಪಕ್ಕದ ಮನೆಯ ಎಂಬತ್ತರ ಲೀಲಾಬಾಯಿ ಆಕ್ಸಿಜನ್ ಮಶೀನಿನ ಆಸರೆಯಲ್ಲಿದ್ದಾರೆ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. 'ಎಂಜಿನ್ನಿಗೆ ಕೊಂಬು ಅದಾವೇನಲೇ? ಅಲ್ಲಿ ಲೀಲಾಬಾಯಾರ ಉಸಿರು ನಿಂತೀತು' ಎಂದು ಎಲ್ಲರೆದುರು ಬೈದೆ. 'ತಪ್ಪಾತ್ರಿ ಮಾಸ್ತರ್ರ' ಅಂದ, ಅಷ್ಟೇ.

ಹಳೆಯ ಜನರೇಟರ್ ಬದಲಿಸಲು ಸಭೆ ಕರೆದೆವು. ಗ್ಯಾಸಿನದಕ್ಕೆ ಹೊಗೆ ಕಡಿಮೆ, ತಾನಾಗಿಯೇ ಚಾಲೂ ಆಗುತ್ತದೆ, ಆಳು ಬೇಡ ಎಂದು ಮಾರುವವನು ಹೇಳಿಹೋಗಿದ್ದ. ಆದರೆ ಮಳೆಗಾಲದಲ್ಲಿ ಸಿಲಿಂಡರ್ ಗಾಡಿ ಬರದಿದ್ದರೆ? ಡೀಸೆಲ್ಲಾದರೆ ಬೈಕಿನ ಮೇಲೆ ಕ್ಯಾನಿನಲ್ಲಿ ತರಬಹುದು. ಜಗ್ಗಾಟ ಮುಗಿಯಲಿಲ್ಲ. ಕಡೆಗೆ ಮಡಿವಾಳೆಪ್ಪನನ್ನೇ ಕೇಳಿದೆವು. ಡೀಸೆಲ್ ಇದ್ದರೆ ಅವನ ಹೊಟ್ಟೆಪಾಡು ಉಳಿಯುತ್ತದೆ, ಅದನ್ನೇ ಹೇಳುತ್ತಾನೆ ಅಂದುಕೊಂಡಿದ್ದೆ.

'ಗ್ಯಾಸೇ ತರ್ರಿ. ಮಳಿಗಾಲಕ್ಕ ಎರಡ ಸಿಲಿಂಡರ್ ಜಾಸ್ತಿ ಇಟ್ಟುಕೊಂಡ್ರ ಆತು' ಅಂದ. 'ಈ ಡೀಸೆಲ್ ಹೊಗಿ ಸೀದಾ ಲೀಲಾಬಾಯಾರ ಕಿಟಕಿಗೆ ಹೋಗತೈತ್ರಿ. ಸೊಸಿ ಗೌತಮಿ ಅಕ್ಕೋರು ಇದ್ರ ಮುಚ್ಚತಾರ. ಸೋಮವಾರ ಅವರು ಸಂಗೀತ ಕಲಿಸಾಕ ಧಾರವಾಡಕ್ಕ ಹೋಗಿರ್ತಾರ. ಅವತ್ತ ನಾನ ಮೊದಲ ಹೋಗಿ ಕಿಟಕಿ ಮುಚ್ಚಿ ಬಂದು, ಆಮ್ಯಾಲ ಚಾಲೂ ಮಾಡ್ತೀನ್ರಿ. ಕರೆಂಟ್ ಇಲ್ಲದ ಎರಡ ನಿಮಿಷ ತಡಕೋತಾರ ಅವರು. ಹೊಗಿ ತಡಕೊಳ್ಳಂಗಿಲ್ಲ.'

ಸಭೆಯಲ್ಲೇ ಇದ್ದ ಗೌತಮಿ ನೆಲ ನೋಡುತ್ತ ಕುಳಿತಳು. ನನಗಂತೂ ನಾಚಿಕೆಯಿಂದ ಭೂಮಿ ಬಾಯಿ ಬಿಟ್ಟರೆ ಸಾಕಪ್ಪ ಅನಿಸಿತು. ಸಭೆ ಮುಗಿದ ಮೇಲೆ ಅವನನ್ನು ಬದಿಗೆ ಕರೆದೆ.

'ಅಲ್ಲೋ, ನಾ ಅಷ್ಟ ಬೈದಾಗರ ಹೇಳಬಾರದೇನು?'

'ಹೇಳಿದ್ರ ಅಕ್ಕೋರು ಪಾಠ ಬಿಟ್ಟು ಮನಿಯಾಗ ಕುಂಡರತಿದ್ರು, ಪಾಪ. ಬೈಸಿಕೊಂಡ್ರ ನನ್ನ ಉಸಿರೇನ ಹೋಗಂಗಿಲ್ಲಲ್ರಿ.'