ಗಿನಿ ಹಂದಿಗೆ ಡಾಕ್ಟರು, ನನಗೆ ಶುಂಠಿ ಕಷಾಯ

ನಮ್ಮೆಜಮಾನರಿಗೆ ಮಾತು ಬರುತ್ತೆ ಅಂತ ನನಗೆ ಗೊತ್ತಾಗಿದ್ದೇ ಗಿನಿ ಹಂದಿಗಳು ಮನೆಗೆ ಬಂದ ಮೇಲೆ.

ಅರವತ್ತರ ದಶಕದ ಮಾತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತುಮಕೂರಿನ ಕಡೆಯಿಂದ ಹೋದ ನಾನು ಅಹಮದಾಬಾದಿನ ಮಣಿನಗರದಲ್ಲಿ, ಜೈನರ ಮನೆಯೊಂದರ ಮಹಡಿಯ ಮೇಲೆ ಸಂಸಾರ ಹೂಡಿದ್ದೆ. ಇವರು ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಸಂಜೆ ಮನೆಗೆ ಬಂದರೆ "ಊಟ ಆಯ್ತಾ?", ಮಲಗುವಾಗ "ದೀಪ ಆರಿಸ್ಲಾ?", ಅಷ್ಟೇ. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತೆ ಅನ್ನೋ ಜಾತಿ. ನಾನೋ, ಹಗಲೆಲ್ಲ ಕೆಳಗಿನ ಮನೆಯ ಯಜಮಾನಿಯ ಹತ್ತಿರ ಮುರುಕು ಗುಜರಾತಿ ಆಡಿ ನಾಲಿಗೆ ದಣಿಸಿಕೊಂಡು, ಸಂಜೆ ಕನ್ನಡದ ಎರಡು ಮಾತಿಗೆ ಚಾತಕಪಕ್ಷಿಯ ಹಾಗೆ ಕಾಯುತ್ತಿದ್ದೆ. ಆ ಯಜಮಾನಿಯನ್ನು ಎಲ್ಲರೂ 'ಬಾ' ಅನ್ನುತ್ತಿದ್ದರು, ದೊಡ್ಡ ಹೆಂಗಸರನ್ನು ಅಲ್ಲಿ ಕರೆಯೋದೇ ಹಾಗೆ. ನಾನೂ 'ಬಾ' ಅಂತಲೇ ಕರೆಯುತ್ತಿದ್ದೆ.

ಬೇಸಿಗೆಯಲ್ಲಿ ಇವರ ಮೇಲಿನ ಆಫೀಸರಿಗೆ ದೆಹಲಿಗೆ ವರ್ಗವಾಯಿತು. ಅವರ ಮಕ್ಕಳು ಸಾಕಿದ್ದ ಎರಡು ಗಿನಿ ಹಂದಿಗಳನ್ನು ಇವರು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಒಂದು ಕಂದು, ಒಂದು ಬಿಳಿ. ಹೆಸರು ಕೇಳಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾಧ್ವರ ಮನೆಯಲ್ಲಿ ಹಂದಿ! "ಹಂದಿ ಅಲ್ಲ ಕಣೇ, ಇಲಿ ಜಾತಿ," ಅಂದರು. ಅದೇನು ದೊಡ್ಡ ಸಮಾಧಾನವೋ! ಬಾ ಕೇಳಿದಾಗ ಮೊಲ ಅಂದುಬಿಟ್ಟೆ.

ಅವತ್ತಿನಿಂದ ಶುರುವಾಯಿತು. ಸಂಜೆ ಬೂಟು ಬಿಚ್ಚಿ ಇಟ್ಟು ನೇರ ಬಾಲ್ಕನಿಗೆ. ಕಂದುಬಣ್ಣದ್ದನ್ನು ಮಡಿಲಲ್ಲಿ ಕೂರಿಸಿಕೊಂಡು, "ಏನು ಪುಟ್ಟಾ, ಇವತ್ತು ಕ್ಯಾಂಟೀನಲ್ಲಿ ಏನಾಯ್ತು ಗೊತ್ತಾ? ಸಾರಿಗೆ ಬೆಲ್ಲ ಸುರಿದುಬಿಟ್ಟಿದ್ದಾರೆ ಕಣೋ, ಪಾಯಸ ಕುಡಿದ ಹಾಗಾಯ್ತು." ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ನಾನು ಕೇಳುತ್ತಿದ್ದೆ. ಇಷ್ಟು ಉದ್ದದ ಮಾತು! ಅದೂ ಕನ್ನಡದಲ್ಲಿ! ಗುಜರಾತಿನಲ್ಲಿ ಹುಟ್ಟಿ ಬೆಳೆದ ಹಂದಿಗೆ ಕನ್ನಡ ಏನು ತಿಳಿಯಬೇಕು? ನನಗೆ ಹೊಟ್ಟೆ ಧಗಧಗ ಉರಿಯಿತು. ಸವತಿ ಬಂದಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಇದಕ್ಕೆ ಏನಂತ ಕೇಳೋದು? ನನ್ನನ್ನು ಮಾತ್ರ ಇವರು ಇವತ್ತಿಗೂ ಪುಟ್ಟಿ ಗಿಟ್ಟಿ ಅಂದವರಲ್ಲ. "ಏ, ಇವಳೇ" ಅಂದರೆ ನಾನು.

ಆಷಾಢ ಏಕಾದಶಿಗೆ ಚಾತುರ್ಮಾಸ್ಯ ಹಿಡಿಯಿತು. ನಮ್ಮಲ್ಲಿ ಮೊದಲ ತಿಂಗಳು ಶಾಕವ್ರತ. ತರಕಾರಿ, ಸೊಪ್ಪು, ಹಣ್ಣು ಏನೂ ಮುಟ್ಟುವ ಹಾಗಿಲ್ಲ. ಹೆಸರುಬೇಳೆ, ಮೆಣಸು, ಜೀರಿಗೆ, ಹುಳಿಗೆ ಒಣಗಿಸಿದ ಮಾವಿನಕಾಯಿ ಪುಡಿ. ಅಮ್ಮನ ಮನೆಯಲ್ಲಿ ಎಲ್ಲರ ಜೊತೆ ಮಾಡುತ್ತಿದ್ದದ್ದನ್ನು ಪರವೂರಿನಲ್ಲಿ ಒಬ್ಬಳೇ ಮಾಡಿ ತೋರಿಸಬೇಕು ಅಂತ ನನಗೆ ಹಟ. ಕೆಳಗೆ ಬಾ ಕೂಡ ಮಳೆಗಾಲ ಕಳೆಯುವವರೆಗೆ ಸೊಪ್ಪು ತರುತ್ತಿರಲಿಲ್ಲ, ಅವರ ಧರ್ಮದಲ್ಲಿ ಹಾಗೆ. ನನ್ನ ವ್ರತ ಕೇಳಿ ಆಕೆಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಈ ಊರಲ್ಲಿ ನನ್ನನ್ನು ಮೆಚ್ಚುವ ಜೀವ ಒಂದಾದರೂ ಸಿಕ್ಕಿತಲ್ಲ ಅಂತ ಧೈರ್ಯ ಬಂದು, ನಾನು ಇವರಿಗೆ ಗಟ್ಟಿಯಾಗಿ ಹೇಳಿದೆ: "ನೋಡಿ, ಈ ತಿಂಗಳು ಹಸಿರು ಅನ್ನೋದು ಹೊಸಿಲು ದಾಟಕೂಡದು. ನಿಮ್ಮ ಆ ಮಕ್ಕಳಿಗೂ ಸೇರಿಸಿ ಹೇಳ್ತಿದೀನಿ." ಇವರು ಹೂಂ ಅಂದರು.

ವ್ರತ ಮುಗಿಯಲು ವಾರವಿದೆ ಅನ್ನುವಾಗ ಕಂದುಬಣ್ಣದ್ದು ಮಂಕಾಯಿತು. ನೆನೆಸಿದ ಕಡಲೆ ಮುಟ್ಟಲಿಲ್ಲ. ಹಿಂಗಾಲು ಎಳೆಯತೊಡಗಿತು. ಎತ್ತಿಕೊಂಡರೆ ಕೀಂ ಅಂತ ಕಿರುಚುತ್ತಿತ್ತು.

ಇವರ ಓಡಾಟ ನೋಡಬೇಕಿತ್ತು! ಚೈತ್ರದಲ್ಲಿ ನಾನು ಜ್ವರ ಬಂದು ನಡುಗುತ್ತಾ ಮಲಗಿದ್ದಾಗ "ಶುಂಠಿ ಕಷಾಯ ಕುಡಿ, ಹೋಗುತ್ತೆ" ಅಂದ ಮಹಾನುಭಾವರು ಇವರೇ. ಈಗ ಅರ್ಧ ದಿನ ರಜೆ ಹಾಕಿ ಸರ್ಕಾರಿ ದನದಾಸ್ಪತ್ರೆಗೆ ಹೋದರು. ಎಮ್ಮೆಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತರಂತೆ. ಅಲ್ಲಿಯ ಡಾಕ್ಟರು ಮುಚ್ಚಳ ತೆಗೆದು ನೋಡಿ, ಇಂಥದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ ಅಂದರಂತೆ. ಮಾರನೆಯ ದಿನ ಬಟ್ಟೆ ಗಿರಣಿ ಸೇಠರ ನಾಯಿಗಳನ್ನು ನೋಡುವ ಇನ್ನೊಬ್ಬರ ಹತ್ತಿರ ಹೋದರು. ಅವರ ಫೀಸು ಕೇಳಿಯೇ ಇವರು ಬಾಗಿಲಿನಿಂದ ವಾಪಸು. ಸಹೋದ್ಯೋಗಿಯೊಬ್ಬರು, ಬರೋಡಾದಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ, ಹಕ್ಕಿಪಕ್ಷಿಯನ್ನೂ ನೋಡುತ್ತಾರೆ ಅಂದರಂತೆ. ಇವರು ರೈಲಿನ ವೇಳೆ ವಿಚಾರಿಸಿಕೊಂಡು ಬಂದರು.

ನನಗೆ ತಡೆಯಲಾಗಲಿಲ್ಲ. "ರೀ, ಬರೋಡಾ ಅರಮನೆ ನೋಡ್ಬೇಕು ಅಂತ ಬಂದಾಗಿನಿಂದ ಬಡ್ಕೋತಿದೀನಿ. ರಜೆ ಇಲ್ಲ, ರಜೆ ಇಲ್ಲ. ಈ ಇಲಿಗೆ ರಜೆ ಸಿಗುತ್ತಾ?"

"ಪಾಪ ಕಣೇ, ಮೂಕಪ್ರಾಣಿ," ಅಂದರು.

"ನಾನೂ ಮೂಕಿಯೇ ಈ ಊರಲ್ಲಿ," ಅಂದೆ. ಅವರು ತಲೆ ತಗ್ಗಿಸಿ ಬುಟ್ಟಿಯ ಬಟ್ಟೆ ಬದಲಾಯಿಸಿದರು.

ಕೊನೆಗೆ ದಾರಿ ತೋರಿಸಿದ್ದು ಬಾ. ಪಾಂಜ್ರಾಪೋಳಕ್ಕೆ ಹೋಗಿ, ಅಂದಳು. ಕುಂಟು ದನ, ಮುದಿ ಕುದುರೆ, ರೆಕ್ಕೆ ಮುರಿದ ಪಾರಿವಾಳ, ಯಾವುದನ್ನೂ ಬೇಡ ಅನ್ನದೆ ಜೈನರು ಸಾಕುವ ಜಾಗ ಅದು. ಅಲ್ಲಿ ಬೆಳಗಿನ ಹೊತ್ತು ನಿವೃತ್ತ ಡಾಕ್ಟರೊಬ್ಬರು ಪುಣ್ಯಕ್ಕೆ ಕೂರುತ್ತಾರೆ, ಕಾಸು ಕೇಳೋದಿಲ್ಲ. "ನೀನೂ ಹೋಗು, ನಿನ್ನ ಗಂಡನಿಗೆ ಭಾಷೆ ಬರೋದಿಲ್ಲ," ಅಂತ ನನ್ನನ್ನೂ ಹೊರಡಿಸಿದಳು. ಭಾನುವಾರ ಬುಟ್ಟಿಯಲ್ಲಿ ಎರಡನ್ನೂ ಇಟ್ಟುಕೊಂಡು ಹೊರಟೆವು. ಬಂದಾಗಿನಿಂದ ಇವರ ಜೊತೆ ನಾನು ಅಷ್ಟು ದೂರ ಹೋದದ್ದು ಅದೇ ಮೊದಲು, ಅದೂ ಇಲಿಯ ದೆಸೆಯಿಂದ. ಬಸ್ಸಿನಲ್ಲಿ ಬುಟ್ಟಿ ಇವರ ತೊಡೆಯ ಮೇಲಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಡಾಕ್ಟರು ವಯಸ್ಸಾದವರು. ಬುಟ್ಟಿ ತೆಗೆದವರೇ, "ಓಹೋ, ನಮ್ಮ ಹಳೆಯ ಸ್ನೇಹಿತರು," ಅಂದರು. ಲಸಿಕೆ ತಯಾರಿಸುವ ಕಡೆ ಕೆಲಸ ಮಾಡಿದ್ದರಂತೆ, ಅಲ್ಲಿ ಇವುಗಳದೇ ರಾಜ್ಯವಂತೆ. ತುಟಿ ಬಿಡಿಸಿ ವಸಡು ನೋಡಿದರು. ರಕ್ತ ಜಿನುಗಿತ್ತು. ಕಾಲಿನ ಗೆಣ್ಣು ಮುಟ್ಟಿದ ಕೂಡಲೇ ಅದು ಕಿರುಚಿತು, ಇವರ ಮುಖ ಬಿಳಿಚಿಕೊಂಡಿತು. ಡಾಕ್ಟರು ಇವರನ್ನು ಬಿಟ್ಟು ನನ್ನನ್ನು ಕೇಳಿದರು, ಗುಜರಾತಿಯಲ್ಲಿ: "ಏನು ತಿನ್ನಿಸ್ತೀಯಮ್ಮಾ?"

"ಕಡಲೆ, ರೊಟ್ಟಿ, ಒಣಹುಲ್ಲು."

"ಹಸಿರು?"

"ಚಾತುರ್ಮಾಸ ಅಲ್ಲವಾ? ನಮ್ಮ ಮನೆಗೆ ಹಸಿರು ಬರೋದಿಲ್ಲ," ಅಂತ ಹೆಮ್ಮೆಯಿಂದಲೇ ಹೇಳಿದೆ. ಪಕ್ಕದಲ್ಲಿದ್ದ ಪಾಂಜ್ರಾಪೋಳದ ಗುಮಾಸ್ತರು ಮೆಚ್ಚಿ ತಲೆದೂಗಿದರು.

ಡಾಕ್ಟರು ತಲೆದೂಗಲಿಲ್ಲ. "ವ್ರತ ನಿನ್ನದಮ್ಮಾ, ಇದರದ್ದಲ್ಲ," ಅಂದರು. ಹಸಿರಿಲ್ಲದಿದ್ದರೆ ಈ ಪ್ರಾಣಿಗೆ ಕೆಲವೇ ವಾರದಲ್ಲಿ ವಸಡು ಒಡೆದು, ಕೀಲು ಊದಿ, ಪ್ರಾಣ ಹೋಗುತ್ತದೆ. ಕೊತ್ತಂಬರಿ ಸೊಪ್ಪೇ ಇದಕ್ಕೆ ಔಷಧಿ, ಇವತ್ತಿನಿಂದಲೇ ಬೇಕು. ಬಿಳಿಯದೂ ಇದೇ ದಾರಿ ಹಿಡಿದಿದೆ. "ಸೊಪ್ಪು ತರಲು ಆಗದಿದ್ದರೆ ಇಲ್ಲೇ ಬಿಟ್ಟು ಹೋಗಿ, ಇಲ್ಲಿಯವರು ನೋಡಿಕೊಳ್ತಾರೆ. ನಿನ್ನ ವ್ರತವೂ ಉಳಿಯುತ್ತೆ. ಆದರೆ ಇಲ್ಲಿ ಬಿಟ್ಟ ಜೀವವನ್ನು ಮತ್ತೆ ವಾಪಸು ಕೊಡೋ ಪದ್ಧತಿ ಇಲ್ಲ."

ಅಷ್ಟನ್ನೂ ನಾನು ಇವರಿಗೆ ಕನ್ನಡದಲ್ಲಿ ಹೇಳಿದೆ. ನಾನು ದೇವರಲ್ಲಿ ಬೇಡಿಕೊಂಡದ್ದು ಇದೇ ತಾನೇ? ಬಾಲ್ಕನಿ ಖಾಲಿಯಾಗುತ್ತದೆ, ಪುಣ್ಯದ ಜಾಗದಲ್ಲಿ ಅವೂ ಬದುಕುತ್ತವೆ, ವ್ರತಕ್ಕೂ ಭಂಗವಿಲ್ಲ.

"ಹಾಗಾದ್ರೆ ಇಲ್ಲೇ ಬಿಡೋಣ," ಅಂದರು ಇವರು, ಬುಟ್ಟಿಯ ಕಡೆ ನೋಡದೆ. "ದಿನಾ ಸೊಪ್ಪು ಹಾಕ್ಬೇಕು ಅಂತ ಆಫೀಸರು ಹೇಳೇ ಕೊಟ್ಟಿದ್ರು."

"ಗೊತ್ತಿದ್ದೂ ಹಾಕ್ಲಿಲ್ವಾ?"

"ನೀನು ಬೇಡ ಅಂದೆಯಲ್ಲ. ಇಲ್ಲಿ ನಿನಗೆ ಅಂತ ಇರೋದು ಆ ವ್ರತ ಒಂದೇ. ಅದನ್ನ ಹೇಗೆ ಕೆಡಿಸ್ಲಿ? ಒಂದು ತಿಂಗಳು ತಡ್ಕೋತಾವೆ ಅಂದ್ಕೊಂಡೆ. ಸಾಯೋ ಕಾಯಿಲೆ ಅಂತ ಗೊತ್ತಿರ್ಲಿಲ್ಲ."

ಈ ಮನುಷ್ಯ ಪುಟ್ಟಾ ಪುಟ್ಟಾ ಅಂತ ಮುದ್ದಾಡುತ್ತಲೇ, ನನ್ನ ಒಂದು ಮಾತಿಗೆ ಆ ಪುಟ್ಟನ ಬಾಯಿಂದ ಹಸಿರು ಕಿತ್ತುಕೊಂಡಿದ್ದರು. ಹೊಟ್ಟೆಕಿಚ್ಚು ಪಡಬೇಕಾದದ್ದು ನಾನಲ್ಲ, ಬುಟ್ಟಿಯಲ್ಲಿ ಮಲಗಿದ್ದ ಅದು. ಸಿಟ್ಟೂ ಬಂತು, ಅಳುವೂ ಬಂತು. ಇಷ್ಟನ್ನು ಒಂದು ದಿನ ಬಾಯಿ ಬಿಟ್ಟು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಗುಮಾಸ್ತರು ಬುಟ್ಟಿಗೆ ಕೈ ಚಾಚಿದರು. ನಾನು ಅದನ್ನು ನನ್ನ ಕಡೆಗೆ ಎಳೆದುಕೊಂಡೆ. "ಬೇಡ. ಇವು ನಮ್ಮವು," ಅಂದೆ, ಮೊದಲು ಗುಜರಾತಿಯಲ್ಲಿ, ಆಮೇಲೆ ಇವರಿಗೆ ಕೇಳುವ ಹಾಗೆ ಕನ್ನಡದಲ್ಲಿ.

ಗೇಟಿನ ಹೊರಗೆ ಗಾಡಿಯವನ ಹತ್ತಿರ ಕೊತ್ತಂಬರಿ ಸೊಪ್ಪು ಕೊಂಡೆ. ಮನೆಯ ಮೆಟ್ಟಿಲಲ್ಲಿ ಬಾ ನನ್ನ ಕೈಯ ಸೊಪ್ಪಿನ ಕಟ್ಟು ನೋಡಿ ಹುಬ್ಬೇರಿಸಿದಳು. "ಔಷಧಿ, ಬಾ," ಅಂದೆ. ಆಕೆ ಬುಟ್ಟಿಯೊಳಗೆ ಇಣುಕಿ ನೋಡಿ, ದಾರಿ ಬಿಟ್ಟಳು. ಹೊಸಿಲು ದಾಟಿಸಿದ್ದು ನಾನೇ.

ಸಂಜೆಯವರೆಗೂ ಕಾಯಿಸಿ ಕಂದುಬಣ್ಣದ್ದು ಕೊನೆಗೆ ಒಂದು ಎಲೆ ಕಚ್ಚಿತು. ಇವರು ಅದನ್ನು ಮಡಿಲಲ್ಲಿ ಕೂರಿಸಿಕೊಂಡು, "ಗೆದ್ದೆ ಕಣೋ ಪುಟ್ಟಾ," ಅಂತ ಶುರು ಮಾಡಿದರು.

ನಾನು ಒಲೆ ಆರಿಸಿ ಬಂದು ಬಾಲ್ಕನಿಯಲ್ಲಿ ಅವರ ಪಕ್ಕದಲ್ಲಿ ಕೂತೆ. "ಅದಕ್ಕೆ ಸಾಕು. ಇನ್ನು ನನಗೆ ಹೇಳಿ," ಅಂದೆ.

"ನಿನಗೆ ಏನು ಹೇಳ್ಲಿ?"

"ಇಷ್ಟು ದಿನ ಅದಕ್ಕೆ ಏನು ಹೇಳ್ತಿದ್ರೋ ಅದನ್ನೇ."

ಇವರು ಸೊಪ್ಪಿನ ಕಡ್ಡಿಯೊಂದನ್ನು ಮುರಿದು ಪುಟ್ಟನ ಮುಂದಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಕ್ಯಾಂಟೀನಿನ ಸಾರಿಗೆ ಬೆಲ್ಲ ಹಾಕುತ್ತಾರೆ ಅನ್ನೋದರಿಂದ ಶುರು ಮಾಡಿದರು.