ಪುಟ್ಟೇನಹಳ್ಳಿಯ ದತ್ತುಮರಿಗಳು

ಹಸಿದು ಬಂದವರಿಗೆ ಹೊತ್ತೆನ್ನದೆ ಮುದ್ದೆಯಿಕ್ಕುವವಳು. ಬಾಣಂತಿಯರಿಗೆ ನೀರೆರೆಯುವುದರಲ್ಲಿ ಬೇಸರವರಿಯದವಳು. ಊರಮ್ಮನಿಗೆ ತಂಬಿಟ್ಟಿನ ಆರತಿಯನ್ನು ಒಂದು ವರ್ಷವೂ ತಪ್ಪಿಸದವಳು. ತಾಯಿಯಿಲ್ಲದ ಮರಿಗೆ ತಾಯಿಯನ್ನು ಹೊಂದಿಸಿಕೊಡುವ ಕೈಗುಣವುಳ್ಳವಳು. ಇಷ್ಟು ಗುಣಗಳ ನಡುವೆ ಅನುಮಾನವೆಂಬುದೊಂದು ಅಕ್ಕಿಯೊಳಗಿನ ಕಲ್ಲಿನಂತೆ ಉಳಿದುಕೊಂಡಿದ್ದವಳು, ಪುಟ್ಟೇನಹಳ್ಳಿಯ ಮುನಿಗಂಗಮ್ಮ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಹೆಬ್ಬಾಳದಿಂದ ಫಾರಂ ಕೋಳಿಮರಿಗಳನ್ನು ತಂದು, ಕಾವು ಕೂತ ನಾಟಿ ಹೇಂಟೆಯ ರೆಕ್ಕೆಯಡಿಗೆ ಮುಸ್ಸಂಜೆಯಲ್ಲಿ ಮೆಲ್ಲನೆ ಸರಿಸುವುದು ಅವಳ ಪದ್ಧತಿ. ಬೆಳಗಾಗುವಷ್ಟರಲ್ಲಿ ಹೇಂಟೆಯು ಅವನ್ನು ತನ್ನವೆಂದೇ ಭಾವಿಸುತ್ತಿತ್ತು. ಆ ಸಲ ಕೆಂಪು ಹೇಂಟೆ ಸ್ವಂತ ಮರಿಗಳನ್ನು ಮಾಡಿ ವಾರ ಕಳೆದ ಮೇಲೆ ಫಾರಂ ಮರಿಗಳು ಸಿಕ್ಕವು. ತಡವಾಯಿತೆನ್ನಿಸಿದರೂ ತನ್ನ ಕೈಗುಣವನ್ನು ನಂಬಿ, ಅವನ್ನೂ ಅದರಡಿಗೇ ಸೇರಿಸಿದಳು. ಅದೇ ವೇಳೆಗೆ ಕಾವಿಗೆ ಕೂತಿದ್ದ ಚುಕ್ಕಿ ಹೇಂಟೆಯನ್ನು, ಬೇಗ ಮತ್ತೆ ಮೊಟ್ಟೆಯಿಡಲೆಂಬ ಆಸೆಗೆ, ತಣ್ಣೀರಲ್ಲದ್ದಿ ಕಾವು ಬಿಡಿಸಹೊರಟಿದ್ದಳು. ಮರುದಿನವೇ ಚುಕ್ಕಿ ಕಾಣೆಯಾಯಿತು. ಆಮೇಲೆ ಹಳದಿ ಫಾರಂ ಮರಿಗಳೂ ಒಂದೊಂದಾಗಿ ಮಾಯವಾದವು. ಕೆಂಪಿಯ ಸ್ವಂತ ಮರಿಗಳು ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ಮುಂಗುಸಿಗೆ ಬಣ್ಣದ ಭೇದವುಂಟೆ? ಹದ್ದು ಆರಿಸಿ ಒಯ್ಯುವುದುಂಟೆ? ಮುನಿಗಂಗಮ್ಮನ ಕಣ್ಣು ಹಿತ್ತಿಲ ಬಾಡಿಗೆ ಕೋಣೆಯತ್ತ ಹೊರಳಿತು. ಅಲ್ಲಿದ್ದವರು ಗದಗಿನ ಕಡೆಯಿಂದ ಬಂದ ಕಾರ್ಖಾನೆ ನೌಕರ ಸಂಗಪ್ಪ, ಅವನ ತುಂಬು ಬಸುರಿ ಹೆಂಡತಿ ನೀಲಕ್ಕ. ಮರಿಗಳು ಬಂದ ದಿನ "ಎಷ್ಟ್ ಚಂದ ಅದಾವ್ರಿ" ಎಂದವಳು ಇವಳೇ ಅಲ್ಲವೆ? ಇವಳ ಹೊಸ್ತಿಲ ಬಳಿ ಹಳದಿ ತುಪ್ಪುಳ ಬಿದ್ದಿತ್ತಲ್ಲವೆ?

"ನನ್ ಮರಿಗಳೆಲ್ಲಮ್ಮಿ?"

"ಅಯ್ಯ, ಲಿಂಗವಂತರ ಮನಿ ನಮ್ದು. ಕೋಳಿ ತಿನ್ನಂಗಿಲ್ರಿ ಯವ್ವಾ."

"ತಿನ್ನಲ್ಲ ಅಂದ್ರೆ ಮಾರಲ್ಲ ಅಂತಾನಾ? ಬಾ, ಊರಮ್ಮನ ಮುಂದೆ ಕರ್ಪೂರ ಆರ್ಸಿ ಆಣೆ ಮಾಡು."

"ಬಸುರಿ ಆಣಿ ಮಾಡಬಾರದಂತ ನಮ್ಮತ್ತಿ ಹೇಳ್ಯಾರ್ರಿ. ಹಡದ ಮ್ಯಾಲೆ ಮಾಡ್ತೀನಿ."

"ಅಷ್ಟೊತ್ಗೆ ದೊಡ್ ಕೋಳಿ ಆಗಿರ್ತವೆ! ಅಮಾಸೆ ಕಳೀಲಿ, ಮನೆ ಖಾಲಿ ಮಾಡು."

ಹೆರಿಗೆಯ ಹೊತ್ತಿಗೆ ನೆಲೆ ತಪ್ಪಿದ ನೀಲಕ್ಕ ಒಳಗೆ ಹೋಗಿ ಪಾತ್ರೆಪಡಗ ಕಟ್ಟತೊಡಗಿದಳು. ಆ ಅವಸರವೂ ಮುನಿಗಂಗಮ್ಮನಿಗೆ ಕಳವಿನ ಸಾಕ್ಷಿಯಾಗಿಯೇ ಕಂಡಿತು.

ಸಂಗಪ್ಪ ಗಾಡಿಗೆ ಸಾಮಾನು ಹೇರುವಾಗ, ಟ್ರಂಕಿನೊಳಗಿಂದ ಮರಿಯ ದನಿ ಕೇಳೀತೇ ಎಂದು ಅವಳು ಕಿವಿ ನಿಮಿರಿಸಿ ನಿಂತಳು. ಕೊನೆಗೆ ಅವನು ಬೇಲಿಗೊರಗಿಸಿದ್ದ ತಮ್ಮ ಸೌದೆಯ ರಾಶಿಗೆ ಕೈಹಾಕಿದ. ಬೇಲಿಯಾಚೆಯ ಕೆರೆಯ ಕಡೆಗೆ ಬಾಯಿದ್ದ, ಹಿತ್ತಿಲಿಗೆ ಕಾಣದ ಸಂದಿನಿಂದ ಕಿಚಿಕಿಚಿ ದನಿ!

"ಸಿಕ್ತು ಕಳ್ಳಮಾಲು!" ಎಂದು ಮುನಿಗಂಗಮ್ಮ ಮುನ್ನುಗ್ಗಿ ಕೈಯಿಟ್ಟಳು. ಗರಿಗೆದರಿ ಕೂತಿದ್ದ ಚುಕ್ಕಿ ಅವಳ ಮುಂಗೈಯನ್ನು ರಕ್ತ ಬರುವಂತೆ ಕುಟುಕಿತು. ಅದರ ರೆಕ್ಕೆಯಡಿಯಿಂದ ಹಳದಿ ತಲೆಗಳು ಇಣುಕಿದವು.

"ನೀನೇ ತಂದು ಬಚ್ಚಿಟ್ಟಿದ್ದೀಯ!" ಎಂದು ನೀಲಕ್ಕನತ್ತ ತಿರುಗಿದಳು.

"ಸಾಕಿದ ನಿಮಗ ಮುಟ್ಟಗೊಡವಲ್ದು, ನನ್ನ ಬಿಡ್ತದೇನ್ರಿ?"

ಆಗಲೂ ನಂಬದೆ, ಮುನಿಗಂಗಮ್ಮ ಒಂದು ಹಳದಿ ಮರಿಯನ್ನು ಒಯ್ದು ಕೆಂಪಿಯ ಮುಂದೆ ಬಿಟ್ಟಳು. ಕೆಂಪಿ ಓಡಿ ಬಂದು ಅದರ ನೆತ್ತಿಯನ್ನೇ ಕುಕ್ಕಿತು. ಥಟ್ಟನೆ ಮರಿಯನ್ನೆತ್ತಿ ಎದೆಗವಚಿಕೊಂಡಳು. ತನ್ನ ಮರಿಗಳ ಗುರುತು ಹತ್ತಿದ ತಾಯಿಗೆ ಪರಮರಿಯನ್ನು ಒಪ್ಪಿಸಹೋದದ್ದು ತನ್ನದೇ ತಪ್ಪೆಂದು ಮುನಿಗಂಗಮ್ಮನಿಗೆ ಹೊಳೆಯಿತು. ಕುಕ್ಕಿಸಿಕೊಂಡ ಕೂಸುಗಳು, ನೀರಿಗದ್ದಿದರೂ ಕಾವಾರದ ಚುಕ್ಕಿಯ ಕರೆ ಕೇಳಿ, ನೀಲಕ್ಕನ ಹೊಸ್ತಿಲ ಮುಂದೆಯೇ ಹಾದುಹೋಗಿದ್ದವು.

ಮರಿಯನ್ನು ಚುಕ್ಕಿಯ ಬಳಿ ಬಿಟ್ಟವಳೇ ಗಾಡಿಯಿಂದ ಟ್ರಂಕನ್ನು ಕೆಳಗಿಳಿಸಿದಳು.

"ಯವ್ವಾ, ಎಲ್ಲಿಗೊಯ್ತೀರಿ ಅದನ್ನ?"

"ಒಳೀಕೆ. ಎರಿಗೆ ಇಲ್ಲೇ ಆಗ್ಲಿ. ಬಾಣಂತನ ನಂದು."

"ಮತ್ತ ಆಣಿ?"

"ಬಿಡ್ತು ಅನ್ನು. ಊರಮ್ಮಂಗೆ ತಪ್ಪುಕಾಣಿಕೆ ನಾನ್ ಆಕ್ತೀನಿ."

"ಮದಲ ಆ ಕೈಗೆ ಅರಿಶಿನ ಹಚ್ಕೋರಿ" ಎಂದಳು ನೀಲಕ್ಕ, ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಮುನಿಗಂಗಮ್ಮನ ಒಲೆಯ ಬೆಂಕಿ ಆರದಿರಲಿ. ಅವಳ ಮಕ್ಕಳು ಮೊಮ್ಮಕ್ಕಳು, ಅವಳ ಸೂರನ್ನು ನಂಬಿ ಬಂದವರು, ಎಲ್ಲರನ್ನೂ ಆ ಊರಮ್ಮ ತಾಯಿ ತಣ್ಣಗಿಟ್ಟಿರಲಿ.