ನಾಸಿರನ ಪೆಟ್ಟಿಗೆಗೆ ಕಲಿಸಿದ ಮಾತು

ಅಬ್ದುಲ್ ನಾಸಿರ್ ಪುತ್ತಿಗೆಯವನು. ದುಬೈಯಲ್ಲಿ ಟಿ.ವಿ. ರಿಪೇರಿ ಮಾಡಿಕೊಂಡಿದ್ದವನು ೧೯೮೬ರಲ್ಲಿ ಊರಿಗೆ ಬಂದಾಗ, ಎಲ್ಲರೂ ತರುವ ಅತ್ತರು, ಟೇಪ್‌ರೆಕಾರ್ಡರ್ ಜೊತೆಗೆ ಟಿ.ವಿ.ಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರೊಂದನ್ನೂ ತಂದ. ಮೂಡುಬಿದಿರೆಯ ನನ್ನ ಆಸ್ಪತ್ರೆಗೆ ಆ ಪೆಟ್ಟಿಗೆ ಹೊತ್ತುಕೊಂಡು ಬಂದು, "ಡಾಕ್ಟ್ರಮ್ಮ, ಇದರಿಂದ ನಿಮಗೆ ಉಪಕಾರ ಉಂಟು" ಎಂದ. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ರೋಗಿಗಳನ್ನು ನೋಡಲಿಕ್ಕೇ ಸಮಯ ಇಲ್ಲ ಮಾರಾಯ, ಹೋಗು" ಎಂದೆ.

ಅವನು ಹೋಗಲಿಲ್ಲ. ಹಿಂದಿನ ವರ್ಷ ದಡಾರ ಬಂದು ಅವನ ತಂಗಿಯ ಮಗು ತೀರಿಕೊಂಡಿತ್ತು. ಒಂಬತ್ತು ತಿಂಗಳು ತುಂಬಿದಾಗ ಕೊಡಬೇಕಾದ ಇಂಜೆಕ್ಷನ್ ಆ ಮಗುವಿಗೆ ತಪ್ಪಿಹೋಗಿತ್ತು. ಸುತ್ತಲಿನ ಯಾವ ಮಗುವಿಗೆ ಯಾವಾಗ ಒಂಬತ್ತು ತಿಂಗಳು ತುಂಬುತ್ತದೆಂದು ಮೊದಲೇ ಹೇಳುವ ಪ್ರೋಗ್ರಾಮ್ ಬರೆಯುತ್ತೇನೆ ಎಂದ. ಇನ್ನೊಂದು ಮಗು ಹಾಗೆ ಹೋಗುವುದು ನನಗೂ ಬೇಡವಾಗಿತ್ತು. ಒಪ್ಪಿದೆ.

ಮೊದಲ ದಿನವೇ ಎಡವಟ್ಟು. ಪೆಟ್ಟಿಗೆ ಹುಟ್ಟಿದ ತಾರೀಕು ಕೇಳಿತು. ನಮ್ಮ ತಾಯಂದಿರು ತಾರೀಕು ಹೇಳುವವರೇ? "ಪೊಳಲಿ ಜಾತ್ರೆಯ ಚೆಂಡಿನ ಹೊತ್ತಿಗೆ" ಎಂದಳು ಒಬ್ಬಳು. "ಆಟಿ ತಿಂಗಳು ಕಳೆದ ಮೇಲೆ" ಎಂದಳು ಇನ್ನೊಬ್ಬಳು. "ರಂಜಾನಿಗೆ ಸ್ವಲ್ಪ ಮುಂಚೆ" ಎಂದಳು ಮತ್ತೊಬ್ಬಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನರ್ಸ್ ಅಮ್ಮಣ್ಣಿ ನಕ್ಕಳು, ನಾನು ಬೈದೆ.

ನಾಸಿರ್ ಬೈಗುಳ ಕೇಳಿಸಿಕೊಂಡು ಹೊರಗೆ ಹೋಗಿ ತಾಯಂದಿರ ಬೆಂಚಿನ ಪಕ್ಕ ಕೂತ. ವಾರಗಟ್ಟಲೆ ಕೂತ. ಚೆಂಡು, ಆಟಿ, ರಂಜಾನ್ ಎಲ್ಲವನ್ನೂ ತುಂಬಿಸಿಕೊಂಡು ಬರುತ್ತಾನೆ ಎಂದುಕೊಂಡಿದ್ದೆ. ಅವನು ಮಾಡಿ ತಂದದ್ದೇ ಬೇರೆ. ತಿಳಿಯದ ಮಾತು ಬಂದರೆ ಪೆಟ್ಟಿಗೆ ಈಗ ತಕರಾರು ಮಾಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ "ಅದು ಯಾವಾಗ?" ಎಂದು ನಮ್ಮನ್ನೇ ಕೇಳುತ್ತಿತ್ತು. ತಿಂಗಳು, ವರ್ಷ ಹೇಳಿಕೊಟ್ಟರೆ ಆ ಮಾತನ್ನು ಕಲಿತು ಕ್ಯಾಸೆಟ್ಟಿನಲ್ಲಿ ಇಟ್ಟುಕೊಳ್ಳುತ್ತಿತ್ತು.

"ಎಲ್ಲವನ್ನೂ ನೀನೇ ತುಂಬಿಸಬಹುದಿತ್ತಲ್ಲ?" ಎಂದೆ.

"ನನಗೆ ಗೊತ್ತಿರುವುದನ್ನು ಮಾತ್ರ ತುಂಬಿಸಬಹುದು ಡಾಕ್ಟ್ರಮ್ಮ. ನಾಳೆ ಯಾರು ಏನು ಹೇಳ್ತಾರೋ! ಕಲಿಸುವ ಕೆಲಸ ನಿಮ್ಮ ಕೈಯಲ್ಲೇ ಇರಲಿ."

"ಪೊಳಲಿ ಚೆಂಡು" ಎಂದು ಒತ್ತಿದೆ. ಅದು ಕೇಳಿತು, ನಾನು ಹೇಳಿದೆ, ಮಗುವಿನ ಇಂಜೆಕ್ಷನ್ನಿನ ತಿಂಗಳು ಪರದೆಯ ಮೇಲೆ ಬಂತು. ಫ್ಯೂಸ್ ಹಾಕಲಿಕ್ಕೂ ಬಾರದ ನಾನು ಕಂಪ್ಯೂಟರಿಗೆ ಪಾಠ ಹೇಳಿಕೊಟ್ಟಿದ್ದೆ! ಆ ದಿನ ಯಾರನ್ನೂ ಬೈಯಲಿಲ್ಲ.

ಮರುವರ್ಷ ನಾಸಿರ್ ಪೆಟ್ಟಿಗೆಯನ್ನು ನಮ್ಮಲ್ಲೇ ಬಿಟ್ಟು ಪುನಃ ದುಬೈಗೆ ಹೋದ. ತುಂಬು ಬಸುರಿಯಾಗಿದ್ದ ಅವನ ಹೆಂಡತಿ ಸೈನಬ ಹೆರಿಗೆಗೆ ಮಾಣಿ ಊರಿನ ತವರಿಗೆ ಹೋದಳು.

ಒಂದು ವರ್ಷ ಕಳೆಯುವಷ್ಟರಲ್ಲಿ, ಸೈನಬ ಮಗುವಿನೊಂದಿಗೆ ಮರಳಿದ್ದ ಪುತ್ತಿಗೆಯ ಓಣಿಗೇ ದಡಾರ ಬಂತು. ಸುದ್ದಿ ಕೇಳಿದ ಕೂಡಲೇ ನಾಸಿರನ ಮಗು ನೆನಪಾಯಿತು. ಆ ಮಗುವಿನ ವಿಷಯ ನಾನು ಪೆಟ್ಟಿಗೆಗೆ ಹೇಳಿಯೇ ಇರಲಿಲ್ಲ. ಗಡಿಬಿಡಿಯಲ್ಲಿ ಟಿ.ವಿ. ಹಾಕಿ ಹುಡುಕಿದೆ. ಸೈನಬಳ ಮಗಳು ಜುಲೈಕಾ, ಇಂಜೆಕ್ಷನ್ ಕೊಟ್ಟಾಗಿದೆ. ಹುಟ್ಟಿದ್ದು ಯಾವಾಗ ಎಂಬಲ್ಲಿ "ನಾಸಿರ್ ದುಬೈಗೆ ಹೋದ ತಿಂಗಳು" ಎಂದಿತ್ತು.

"ಇದನ್ನು ಯಾರು ಕಲಿಸಿದ್ದು?"

"ನಾನೇ ಡಾಕ್ಟ್ರಮ್ಮ" ಎಂದಳು ಅಮ್ಮಣ್ಣಿ. "ಸೈನಬ ಬಂದಾಗ ನೀವು ಇರಲಿಲ್ಲ. 'ಇವರು ದುಬೈಗೆ ಹೋದ ತಿಂಗಳು ಹುಟ್ಟಿದ್ದು' ಅಂದಳು. ಗಂಡನ ಹೆಸರು ಅವಳು ಹೇಳುವುದಿಲ್ಲವಲ್ಲ, ಅದನ್ನು ನಾನು ಸೇರಿಸಿದೆ. ಯಾವಾಗ ಅಂತ ಪೆಟ್ಟಿಗೆ ಕೇಳಿತು, ಹೇಳಿದೆ. ಒಂಬತ್ತು ತುಂಬುವ ತಿಂಗಳು ಅದೇ ತೋರಿಸಿತು, ಮಗುವನ್ನು ಕರೆಸಿ ಇಂಜೆಕ್ಷನ್ ಕೊಟ್ಟೆ."

ನಾಸಿರ್ ಎಂದೂ ಕೇಳಿರದ ಒಂದು ಮಾತು ಅವನ ಮಗಳನ್ನು ಕಾಪಾಡಿತ್ತು. ನಾನು ಅಮ್ಮಣ್ಣಿಯ ಕೈ ಹಿಡಿದುಕೊಂಡೆ.